ಮಕ್ಕಳಿಗೆ ಅರಿವಳಿಕೆ ಕೊಡುವಾಗ ಕೈ ಉರಿಯದಂತೆ

ಹುಬ್ಬಳ್ಳಿಯಲ್ಲಿ ನಾನು ಅರಿವಳಿಕೆ ಡಾಕ್ಟರ್. ಟಾನ್ಸಿಲ್, ಹರ್ನಿಯಾ, ಮುರಿದ ಕೈ, ಸುಟ್ಟ ಗಾಯದ ಡ್ರೆಸ್ಸಿಂಗ್ ಅಂತ ನವಲಗುಂದ, ಕುಂದಗೋಳ, ಕಲಘಟಗಿ ಕಡೆಯಿಂದ ಮಕ್ಕಳು ಬರುತ್ತಲೇ ಇರುತ್ತಾರೆ. ಸೂಜಿ ಚುಚ್ಚುವಾಗ ಅಳುವುದು ಎಲ್ಲರಿಗೂ ಗೊತ್ತು. ಆದರೆ ಸೂಜಿ ಕೂತು, ಮಗು ಸಮಾಧಾನವಾದ ಮೇಲೂ ಇನ್ನೊಂದು ನೋವು ಕಾದಿರುತ್ತದೆ. ನಿದ್ದೆ ಬರಿಸುವ ಮದ್ದು ಪ್ರೊಪೊಫಾಲ್ ಒಳಗೆ ಹೋಗುತ್ತಿದ್ದಂತೆ "ಅವ್ವಾ, ಕೈ ಉರೀತೈತಿ!" ಎಂದು ಚೀರಿ ಕೈ ಎಳೆದುಕೊಳ್ಳುತ್ತದೆ.

ಅರ್ಧ ನಿಮಿಷದಲ್ಲಿ ನಿದ್ದೆ ಬರುತ್ತದಲ್ಲ, ಅಷ್ಟಕ್ಕೇನು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸುಟ್ಟ ಗಾಯದ ಮಗು ಮತ್ತೆ ಮತ್ತೆ ಬರಬೇಕು. ಮೊದಲ ಸಲ ಉರಿದಿದ್ದರೆ ಮುಂದಿನ ಸಲ ಬಾಗಿಲಲ್ಲೇ ಕೈ ಬೆನ್ನ ಹಿಂದೆ ಹೋಗುತ್ತದೆ.

ಪ್ರೊಪೊಫಾಲ್ ನೋಡಲು ಹಾಲಿನಂತಿರುತ್ತದೆ. ಅದು ನೀರಲ್ಲಿ ಸರಿಯಾಗಿ ಕರಗುವುದಿಲ್ಲ. ಹಾಗಾಗಿ ಸೋಯಾ ಎಣ್ಣೆ, ಮೊಟ್ಟೆಯ ಲೆಸಿಥಿನ್ ಸೇರಿಸಿ ತಯಾರಿಸುತ್ತಾರೆ. ಎಣ್ಣೆಹನಿಯೊಳಗೆ ಇರುವ ಮದ್ದು ತೊಂದರೆ ಕೊಡುವುದಿಲ್ಲ. ಹೊರಗೆ ನೀರಿನ ಭಾಗದಲ್ಲಿ ಬಿಡಿಯಾಗಿ ಉಳಿದ ಸ್ವಲ್ಪ ಪಾಲೇ ರಕ್ತನಾಳದ ಒಳಗೋಡೆಯನ್ನು ಉರಿಸುತ್ತದೆ. ನಾಳ ಸಣ್ಣದಾದಷ್ಟೂ ಉರಿ ಜಾಸ್ತಿ. ಮಕ್ಕಳ ಅಂಗೈ ಹಿಂಬದಿಯ ನಾಳ ಎಷ್ಟು ಸಣ್ಣದು ಅಲ್ವಾ! ಎಂಸಿಟಿ (ಮಧ್ಯಮ ಉದ್ದದ ಸರಪಳಿಯ ಕೊಬ್ಬು) ಎಣ್ಣೆ ಬೆರೆತ ಪ್ರೊಪೊಫಾಲ್‌ನಲ್ಲಿ ಈ ಬಿಡಿ ಪಾಲು ಕಡಿಮೆ. ಸಿಕ್ಕರೆ ಅದನ್ನೇ ತರಿಸುತ್ತೇನೆ. ಅದೊಂದರಿಂದಲೇ ಉರಿ ಪೂರ್ತಿ ಹೋಗುವುದಿಲ್ಲ.

2011ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ದೊಡ್ಡವರ ಮೇಲಿನ 177 ಪ್ರಯೋಗಗಳನ್ನು ಒಟ್ಟಿಗೆ ನೋಡಿದ ವರದಿ ಬಂತು. ಏನೂ ಮುಂಜಾಗ್ರತೆ ಇಲ್ಲದಿದ್ದರೆ ನೂರಕ್ಕೆ ಸುಮಾರು 60 ಜನರಿಗೆ ನೋವಾಗುತ್ತದೆ. ಮೊಣಕೈ ಮಡಿಕೆಯ ದೊಡ್ಡ ನಾಳ ಬಳಸುವುದು, ಇಲ್ಲವೇ ಕೈ ಬಿಗಿಹಿಡಿದು ಮೊದಲು ಮರಗಟ್ಟಿಸುವ ಮದ್ದು ಲಿಗ್ನೋಕೇನ್ ಕೊಡುವುದು, ಇವೆರಡೇ ಹೆಚ್ಚು ಫಲ ಕೊಟ್ಟವು. ಮಕ್ಕಳಲ್ಲಿ ಮೊಣಕೈ ಕಷ್ಟ. ಮಡಚಿದರೆ ಸಲೈನ್ ನಿಲ್ಲುತ್ತದೆ. ಹಾಗಾಗಿ ನಾನು ಹೆಚ್ಚಾಗಿ ಎರಡನೆಯದನ್ನೇ ಮಾಡುತ್ತೇನೆ.

ಸಲೈನ್ ಸರಾಗ ಹೋಗುತ್ತಿದೆಯೇ ನೋಡಿ ನಿಲ್ಲಿಸುತ್ತೇನೆ. ರಬ್ಬರ್ ಪಟ್ಟಿ ಕಟ್ಟಿದರೆ ಮಗು ಹೆದರುತ್ತದೆ, ಅದಕ್ಕೇ ಮದ್ದು ಅದೇ ನಾಳದಲ್ಲಿ ನಿಲ್ಲಲೆಂದು ಸಿಸ್ಟರ್ ತಮ್ಮ ಕೈಯಿಂದಲೇ ಮುಂಗೈಯನ್ನು ಬಿಗಿಯಾಗಿ ಹಿಡಿಯುತ್ತಾರೆ. ಕಿಲೋಗೆ 0.5 ಮಿಲಿಗ್ರಾಂ ಲಿಗ್ನೋಕೇನ್. 16 ಕಿಲೋ ಮಗುವಿಗೆ 8 ಮಿಲಿಗ್ರಾಂ, ಅಂದರೆ 1 ಪರ್ಸೆಂಟ್ ಮದ್ದಿನಲ್ಲಿ 0.8 ಮಿ.ಲೀ. ಅಡ್ರಿನಾಲಿನ್ ಸೇರಿದ ಬಾಟಲಿ ಅಲ್ಲವೆಂದು ಲೇಬಲ್ ಜೋರಾಗಿ ಓದುತ್ತೇವೆ. ಸರ್ಜನ್ ಗಾಯದ ಜಾಗಕ್ಕೂ ಮರಗಟ್ಟಿಸುವ ಮದ್ದು ಹಾಕುವುದಿದ್ದರೆ ಇದನ್ನೂ ಲೆಕ್ಕಕ್ಕೆ ಸೇರಿಸಬೇಕು. ಆಮೇಲೆ ಒಂದು ನಿಮಿಷ ಕಾಯುತ್ತೇವೆ. ಗಡಿಬಿಡಿಯಲ್ಲಿ ಬಿಟ್ಟುಹೋಗುವುದು ಈ ನಿಮಿಷವೇ. "ತಮ್ಮಾ, ನಿಮ್ಮ ಮನ್ಯಾಗ ಎಮ್ಮಿ ಎಷ್ಟ ಅದಾವು?" ಎಂದು ಕೇಳಿದರೆ ಹೆಸರು ಸಮೇತ ಹೇಳುತ್ತಾನೆ, ನಿಮಿಷ ಸರಿಯುತ್ತದೆ. ನಂತರ ಹಿಡಿತ ಬಿಟ್ಟು ಪ್ರೊಪೊಫಾಲ್.

ಮರಗಟ್ಟಿಸುವ ಕ್ರೀಮ್ ಹಚ್ಚಿದ್ದೇವಲ್ಲ, ಇದೆಲ್ಲ ಯಾಕೆ ಎಂದು ಹೊಸ ಡಾಕ್ಟರ್‌ಗಳು ಕೇಳುತ್ತಾರೆ. ಕ್ರೀಮ್ ಬೇಕೇ ಬೇಕು, ಒಂದು ಗಂಟೆ ಮೊದಲೇ ವಾರ್ಡಿನಲ್ಲಿ ಹಚ್ಚಿಸುತ್ತೇನೆ. ಆದರೆ ಅದು ಚರ್ಮದ ಚುಚ್ಚುನೋವಿಗೆ. ನಾಳದೊಳಗಿನ ಉರಿಗೆ ಅದನ್ನು ನಂಬಿ ಕೂರಬಾರದು.

ಒಂದು ನಿಮಿಷ ಕೈ ಕೊಡದ ಮಗುವಿಗೆ ಲಿಗ್ನೋಕೇನನ್ನು ಪ್ರೊಪೊಫಾಲ್‌ಗೇ ಬೆರೆಸುತ್ತೇನೆ. 20 ಮಿ.ಲೀ.ಗೆ 20 ಮಿಲಿಗ್ರಾಂ ದಾಟುವುದಿಲ್ಲ, ಬೆರೆಸಿದ ಕೂಡಲೇ ಬಳಸುತ್ತೇನೆ. ಇಟ್ಟರೆ ಎಣ್ಣೆಹನಿಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. "ನರಾನ ಸಿಗವಲ್ದೇನ್ರಿ?" ಎಂದು ತಾಯಿ ಕಂಗಾಲಾಗುವ ದಿನ ಚುಚ್ಚಾಟ ಸಾಕು ಮಾಡಿ, ಸೆವೊಫ್ಲುರೇನ್ ಗ್ಯಾಸ್‌ನಲ್ಲಿ ಮಲಗಿಸಿಯೇ ಸೂಜಿ ಹಾಕುತ್ತೇನೆ. ಆಗಲೂ ಸ್ನಾಯು ಸಡಿಲಿಸುವ ಮದ್ದು ರೋಕುರೋನಿಯಂ ಕೊಟ್ಟರೆ ಕೆಲವು ಮಕ್ಕಳು ನಿದ್ದೆಯಲ್ಲೇ ಕೈ ಎಳೆಯುತ್ತಾರೆ. ಅದಕ್ಕೆ ಕ್ಯಾನುಲಾ (ನಾಳದಲ್ಲಿ ಕೂತ ಸಣ್ಣ ಕೊಳವೆ) ಪ್ಲಾಸ್ಟರ್ ಮೊದಲೇ ಭದ್ರ ಮಾಡಿ, ಕೈಯನ್ನು ಸಿಸ್ಟರ್ ಹಿಡಿದಿದ್ದಾರಾ ನೋಡಿಯೇ ಸಿರಿಂಜ್ ಒತ್ತುತ್ತೇನೆ.