ಬುಶೆಹರ್ ಕಡತಗಳನ್ನು ನಾನು ಓದುವ ಬಗೆ

ಪರ್ಷಿಯಾದ (ಇವತ್ತಿನ ಇರಾನ್) ಬಂದರುಗಳಲ್ಲಿ ಬ್ರಿಟಿಷ್ ಕಾನ್ಸಲ್‌ಗಳು (ತಮ್ಮ ಪ್ರಜೆಗಳ ಹಿತ ನೋಡಿಕೊಳ್ಳಲು ಅಲ್ಲಿ ನೇಮಕವಾದ ಅಧಿಕಾರಿಗಳು) ಅಲ್ಲಿನ ಅಧಿಕಾರಿಗಳ ಜೊತೆ ಹೇಗೆ ವ್ಯವಹಾರ ನಡೆಸುತ್ತಿದ್ದರು ಅನ್ನೋದು ನಾನು ಕೆಲಸ ಮಾಡುವ ವಿಷಯ. ಕೇಳಿದವರು ಮೊದಲು ಕೇಳುವ ಪ್ರಶ್ನೆ ಒಂದೇ: "ಅಲ್ಲಿಗೂ ನಿಮಗೂ ಎಲ್ಲಿಯ ಸಂಬಂಧ?" ಸಂಬಂಧ ಶುರುವಾಗಿದ್ದು ಟಿಪ್ಪುವಿನಿಂದ. 1786ರಲ್ಲಿ ಅವನ ರಾಯಭಾರಿಗಳು ನಮ್ಮ ಉತ್ತರ ಕನ್ನಡದ ತದಡಿಯಿಂದ ಹಡಗು ಹತ್ತಿ, ಮಸ್ಕತ್, ಪರ್ಷಿಯಾದ ಬುಶೆಹರ್ ಬಂದರು ಮುಟ್ಟಿಕೊಂಡು ಬಸ್ರಾಗೆ ಹೋದರು. ಅದನ್ನು ಓದುತ್ತಾ ಬುಶೆಹರ್ ಎಂಥ ಊರು ಅಂತ ಹುಡುಕಲು ಹೋದೆ. ಟಿಪ್ಪು ಹಿಂದೆ ಉಳಿದ, ನಾನು ಬುಶೆಹರ್‌ನಲ್ಲೇ ಉಳಿದುಬಿಟ್ಟೆ.

ಊರಿನ ಹಿನ್ನೆಲೆ ಚುಟುಕಾಗಿ ಹೇಳುತ್ತೇನೆ. ಪರ್ಷಿಯಾವನ್ನು ಕರೀಂ ಖಾನ್ ಜಂದ್ ಆಳುತ್ತಿದ್ದ ಕಾಲದಲ್ಲಿ, 1763ರಲ್ಲಿ, ಈಸ್ಟ್ ಇಂಡಿಯಾ ಕಂಪನಿ ಬಂದರ್ ಅಬ್ಬಾಸ್‌ನಿಂದ ಗಂಟುಮೂಟೆ ಕಟ್ಟಿ ಇಲ್ಲಿ ಕೋಠಿ (ವ್ಯಾಪಾರದ ಕಚೇರಿ) ತೆರೆಯಿತು. ಕೋಠಿಯ ಮುಖ್ಯಸ್ಥನೇ ಮುಂದೆ ಪರ್ಷಿಯನ್ ಕೊಲ್ಲಿಯ ರೆಸಿಡೆಂಟ್ (ಬ್ರಿಟಿಷರ ರಾಜಕೀಯ ಪ್ರತಿನಿಧಿ) ಆದ. 1873ರವರೆಗೆ ಅವನು ಬೊಂಬಾಯಿ ಸರ್ಕಾರದ ಕೈಕೆಳಗೆ, ಆಮೇಲೆ ಭಾರತ ಸರ್ಕಾರದ ಕೈಕೆಳಗೆ. 1878ರಿಂದ ಅವನೇ ಫಾರ್ಸ್ ಪ್ರಾಂತ್ಯದ ಕಾನ್ಸಲ್ ಜನರಲ್ ಕೂಡ. ಅಂದರೆ ಒಬ್ಬನೇ ಮನುಷ್ಯ, ಎರಡು ಟೋಪಿ. ಒಂದು ಕಡೆ ಕಲ್ಕತ್ತಾ, ಬೇಸಿಗೆಯಾದರೆ ಸಿಮ್ಲಾ. ಇನ್ನೊಂದು ಕಡೆ ತೆಹರಾನ್‌ನ ಬ್ರಿಟಿಷ್ ಲೆಗೇಶನ್ (ರಾಯಭಾರ ಕಚೇರಿ), ಅದರ ಹಿಂದೆ ಲಂಡನ್. ಈ ಎರಡು ಟೋಪಿ ನೆನಪಿಟ್ಟುಕೊಳ್ಳಿ, ಕಡತ ಓದುವಾಗ ಇದು ಪ್ರತಿ ಪುಟದಲ್ಲೂ ಬೇಕಾಗುತ್ತದೆ.

ಓದಲು ಲಂಡನ್ನಿಗೇ ಹೋಗಬೇಕು ಅಂತೇನಿಲ್ಲ. ಬುಶೆಹರ್ ರೆಸಿಡೆನ್ಸಿಯ ಕಡತಗಳು ಬ್ರಿಟಿಷ್ ಲೈಬ್ರರಿಯಲ್ಲಿ ಐಒಆರ್/ಆರ್/15/1 ಅನ್ನುವ ಸಂಖ್ಯೆಯಡಿ ಇವೆ. ಅವುಗಳಲ್ಲಿ ಬಹಳಷ್ಟು ಕತಾರ್ ಡಿಜಿಟಲ್ ಲೈಬ್ರರಿಯಲ್ಲಿ ಪುಟಪುಟವಾಗಿ ಬಿಟ್ಟಿಯಾಗಿ ಸಿಗುತ್ತವೆ. ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ ಇದೇ ವ್ಯವಹಾರದ ಭಾರತ ಸರ್ಕಾರದ ಕಡೆಯ ಕಾಗದಗಳಿವೆ. 1873ಕ್ಕಿಂತ ಹಿಂದಿನದು ಬೇಕಿದ್ದರೆ ಮುಂಬೈ ಪತ್ರಾಗಾರ. ಹುಡುಕಾಟದ ಪೆಟ್ಟಿಗೆಯನ್ನು ಮಾತ್ರ ಜಾಸ್ತಿ ನಂಬಬೇಡಿ. ಕೈಬರಹದ ಪುಟಗಳನ್ನು ಯಂತ್ರ ಸರಿಯಾಗಿ ಓದುವುದಿಲ್ಲ. ಒಂದೇ ಊರಿಗೆ ಗುಮಾಸ್ತರು ಬೇರೆ ಬೇರೆ ಕಾಗುಣಿತ ಹಾಕಿರುತ್ತಾರೆ. ಲಿಂಗೆ, ಲಿಂಗಾ, ಲೆಂಗೆ ಎಲ್ಲವೂ ಒಂದೇ ಬಂದರು. ಮೊಹಮ್ಮರಾ ಅಂತ ಇದ್ದರೆ ಅದು ಇವತ್ತಿನ ಖೊರ್ರಂಶಹರ್.

ಕಡತ ಕೈಗೆ ಬಂದಾಗ ನಾನು ಮೊದಲ ಪುಟದಿಂದ ಓದುವುದಿಲ್ಲ, ಕೊನೆಗೆ ಹೋಗುತ್ತೇನೆ. ಇಪ್ಪತ್ತನೇ ಶತಮಾನದ ಕಡತಗಳಲ್ಲಿ ಹೆಚ್ಚಾಗಿ ಅಲ್ಲೇ ಟಿಪ್ಪಣಿ ಹಾಳೆಗಳಿರುತ್ತವೆ. ಯಾವ ಕಾಗದ ಬಂತು, ಯಾವುದು ಹೋಯಿತು ಅಂತ ಒಂದೊಂದು ಸಾಲು. ಪಕ್ಕದಲ್ಲಿ ಕೆಂಪು ಇಲ್ಲವೇ ನೀಲಿ ಕ್ರೇಯಾನ್‌ನಲ್ಲಿ ಬರೆದು ಸುತ್ತು ಹಾಕಿದ ಸಂಖ್ಯೆ. ಅದೇ ಸಂಖ್ಯೆ ಒಳಗಿನ ಕಾಗದದ ಮೇಲೂ ಇರುತ್ತದೆ. ಕಡತದ ಬೆನ್ನೆಲುಬು ಅದೇ. ನಡುನಡುವೆ ಅಧಿಕಾರಿಗಳು ಒಬ್ಬರಿಗೊಬ್ಬರು ಗೀಚಿಕೊಂಡ ಒಂದೆರಡು ಸಾಲುಗಳೂ ಸಿಗುತ್ತವೆ. ಮೇಲಕ್ಕೆ ಹೋದ ವರದಿಯಲ್ಲಿ ಕಾಣದ ಸಿಡಿಮಿಡಿ, ಅನುಮಾನ ಇಲ್ಲಿ ಕಾಣುತ್ತದೆ. ವರದಿಯನ್ನು ನಾನು ಕೊನೆಗೆ ಓದುತ್ತೇನೆ. ಅದು ಮೇಲಿನವರಿಗೆ ತೋರಿಸಲು ಬರೆದದ್ದು, ಅಲ್ವಾ?

ಪರ್ಷಿಯನ್ ಕಾಗದ ಕಡತದಲ್ಲಿ ಉಳಿದಿದ್ದರೆ ಅದನ್ನು ಬಿಡುವುದೇ ಇಲ್ಲ. ನನ್ನ ಪರ್ಷಿಯನ್ ಅಷ್ಟಕ್ಕಷ್ಟೇ. ಶಿಕಸ್ತಾ ಅನ್ನುವ ಕೂಡಕ್ಷರದ ಪರ್ಷಿಯನ್ ಬರವಣಿಗೆಯ ಮುಂದೆ ಈಗಲೂ ತಿಣುಕಾಡುತ್ತೇನೆ. ಆದರೂ ತಾರೀಖು, ಮೊಹರು, ಬಿರುದಾವಳಿ ಇಷ್ಟು ಓದಿದರೂ ಸಾಕಷ್ಟು ಸಿಗುತ್ತದೆ. ಸಂಬೋಧನೆಯ ಮೂರು ನಾಲ್ಕು ಸಾಲುಗಳನ್ನು ಇಂಗ್ಲಿಷ್ ಪ್ರತಿಯಲ್ಲಿ 'ಆಫ್ಟರ್ ಕಾಂಪ್ಲಿಮೆಂಟ್ಸ್' (ಉಪಚಾರದ ಮಾತುಗಳ ನಂತರ) ಅಂತ ಎರಡೇ ಪದದಲ್ಲಿ ಮುಗಿಸಿರುತ್ತಾರೆ. ಹೋದ ತಿಂಗಳ ಕಾಗದದಲ್ಲಿ ಉದ್ದವಾಗಿದ್ದ ಬಿರುದು ಈ ತಿಂಗಳು ಮೊಟಕಾಗಿದ್ದರೆ ಏನೋ ಕೆಟ್ಟಿದೆ ಅಂತ ನಾನು ಗುರುತು ಹಾಕಿಕೊಳ್ಳುತ್ತೇನೆ.

ಇನ್ನು ನನ್ನ ಮುಖ್ಯ ಕೆಲಸ, ತಾರೀಖಿನ ಪಟ್ಟಿ. ಒಂದು ಹಾಳೆಯಲ್ಲಿ ಕಾಗದ ಬರೆದ ದಿನ, ತಲುಪಿದ ದಿನ, ಉತ್ತರ ಹೋದ ದಿನ, ಯಾರಿಂದ ಯಾರಿಗೆ ಅಂತ ಬರೆಯುತ್ತಾ ಹೋಗುತ್ತೇನೆ. ಹಿಜ್ರಿ ತಾರೀಖಿನ ಎದುರಿಗೆ ಕ್ರಿಸ್ತಶಕದ್ದು. ಬೇಜಾರಿನ ಕೆಲಸ ಹೌದು. ಆದರೆ ಬಂದರಿನಲ್ಲಿ ಯಾರ ಕೈ ಮೇಲಿತ್ತು ಅನ್ನೋದು ನನಗೆ ತಿಳಿದದ್ದು ಪತ್ರಗಳ ಜೋರು ಮಾತಿನಿಂದಲ್ಲ, ಎರಡು ಪತ್ರಗಳ ನಡುವಿನ ಅಂತರದಿಂದ.

ಬುಶೆಹರ್‌ನಲ್ಲಿ ಕಾನ್ಸಲ್ ಎದುರಿಗೆ ಒಬ್ಬನೇ ಅಧಿಕಾರಿ ಇರಲಿಲ್ಲ. ಕೊಲ್ಲಿ ಬಂದರುಗಳ ಗವರ್ನರ್ ಒಬ್ಬ. ಕಾರ್‌ಗುಜಾರ್ ಇನ್ನೊಬ್ಬ. ಇವನು ಗವರ್ನರ್‌ನ ಆಳಲ್ಲ, ತೆಹರಾನ್‌ನ ವಿದೇಶಾಂಗ ಖಾತೆಯವನು. ವಿದೇಶಿ ಪ್ರಜೆಗೂ ಪರ್ಷಿಯಾದ ಪ್ರಜೆಗೂ ತಕರಾರಾದರೆ ಇವನ ಮುಂದೆ, ಕಾನ್ಸಲ್ ಕಡೆಯವರ ಸಮಕ್ಷಮದಲ್ಲಿ ವಿಚಾರಣೆ. 1828ರ ತುರ್ಕ್‌ಮನ್‌ಚಾಯ್ ಒಪ್ಪಂದದಲ್ಲಿ ರಷ್ಯನ್ನರು ಪಡೆದ ಸವಲತ್ತುಗಳನ್ನು ಮುಂದೆ ಬ್ರಿಟಿಷರೂ ಪಡೆದರು. ಹಾಗಾಗಿ ಈ ಏರ್ಪಾಡು. ಮೂರನೆಯದು ಸುಂಕದ ಕಟ್ಟೆ. ಮೊದಲು ಸುಂಕವನ್ನು ಗುತ್ತಿಗೆಗೆ ಕೊಡುತ್ತಿದ್ದರು. ವರ್ಷಕ್ಕಿಷ್ಟು ಅಂತ ಮೇಲಕ್ಕೆ ಕಟ್ಟಿದರೆ ಉಳಿದದ್ದು ಗುತ್ತಿಗೆದಾರನಿಗೆ. 1900ರಲ್ಲಿ ಸುಂಕ ನೋಡಿಕೊಳ್ಳಲು ಪರ್ಷಿಯಾ ಸರ್ಕಾರ ನೇಮಿಸಿದ ಬೆಲ್ಜಿಯಂನ ಅಧಿಕಾರಿಗಳು ಬಂದು ಕೂತರು. ಅಲ್ಲಿಂದ ಪತ್ರಗಳ ದಾರಿಯೇ ಬದಲಾಗುತ್ತದೆ. ಸ್ಥಳದಲ್ಲೇ ಮಾತಾಡಿ ಮುಗಿಸಬಹುದಾಗಿದ್ದ ಮೂಟೆ, ಗೋದಾಮಿನ ತಕರಾರು ಕೂಡ ನಿಯಮದ ಪುಸ್ತಕಕ್ಕೆ ಹೋಗಿ ನಿಲ್ಲುತ್ತದೆ.

ಒಂದು ಸಾಲದ ದಾವೆಯ ಹಾದಿ ನೋಡಿ. ಭಾರತದ ವ್ಯಾಪಾರಿ ದೂರು ಕೊಡುತ್ತಾನೆ. ಬಂದರ್ ಅಬ್ಬಾಸ್‌ನಲ್ಲಿ ಇಂಥ ಹಿಂದೂ ವ್ಯಾಪಾರಿಗಳು ಸಾಕಷ್ಟಿದ್ದರು, 1892ರಲ್ಲಿ ಅವರು ಕಟ್ಟಿಸಿದ ದೇವಸ್ಥಾನ ಈಗಲೂ ಇದೆ. ಕಾನ್ಸಲ್ ಗವರ್ನರ್‌ಗೆ ಬರೆಯುತ್ತಾನೆ. ಗವರ್ನರ್, ಇದು ಕಾರ್‌ಗುಜಾರ್‌ಗೆ ಸೇರಿದ್ದು ಅನ್ನುತ್ತಾನೆ. ಕಾರ್‌ಗುಜಾರ್, ಇವನು ನಿಜವಾಗಿ ಬ್ರಿಟಿಷ್ ಪ್ರಜೆಯೇ, ಪುರಾವೆ ಏನು ಅನ್ನುತ್ತಾನೆ. ಪುರಾವೆ ಹೋದ ಮೇಲೆ, ತೆಹರಾನ್‌ನಿಂದ ಅಪ್ಪಣೆ ಬರಬೇಕು ಅನ್ನುತ್ತಾನೆ. ಅಷ್ಟರಲ್ಲಿ ಸಾಲಗಾರ ಯಾವುದಾದರೂ ದರ್ಗಾದಲ್ಲಿ ಆಶ್ರಯ ಹಿಡಿದು ಕೂತರೆ ಮುಗಿಯಿತು. ಹೊರಗೆಳೆಯುವ ಹಾಗಿಲ್ಲ. ಕಾನ್ಸಲ್ ಪತ್ರದಲ್ಲಿ ಎಷ್ಟೇ ಗದರಿದರೂ ಕಾಗದ ನಡೆಯುವ ವೇಗವನ್ನು ಗೊತ್ತು ಮಾಡುತ್ತಿದ್ದವನು ಕಾರ್‌ಗುಜಾರ್. ಇದನ್ನು ಬ್ರಿಟಿಷ್ ಬರಹಗಳು ಸೋಮಾರಿತನ ಅಂತ ತಳ್ಳಿಹಾಕುತ್ತವೆ. ನನಗೆ ಹಾಗೆ ಕಾಣುವುದಿಲ್ಲ. ಬೆನ್ನ ಹಿಂದೆ ಸೈನ್ಯವಿಲ್ಲದ, ಬಂದರಿನ ಎದುರಿಗೆ ಬ್ರಿಟಿಷ್ ಯುದ್ಧನೌಕೆ ಲಂಗರು ಹಾಕಬಹುದಾದ ಊರಿನಲ್ಲಿ ಕೂತ ಅಧಿಕಾರಿಗೆ ಕೈಗೆಟಕುವ ಆಯುಧ ಅದೊಂದೇ. ಕಾನ್ಸಲ್ ಕೂಡ ಕಡಿಮೆಯವನಲ್ಲ. ತನಗೆ ಬೇಡದ ವಿಷಯ ಬಂದರೆ ಅವನೂ ಎರಡು ಟೋಪಿಯ ಲಾಭ ತಗೊಳ್ಳುತ್ತಿದ್ದ: ಇದು ತೆಹರಾನ್ ಲೆಗೇಶನ್‌ಗೆ ಬಿಟ್ಟದ್ದು, ಅದು ಸಿಮ್ಲಾಗೆ ಬಿಟ್ಟದ್ದು.

ಆದರೆ ಒಂದು ಎಚ್ಚರ ಬೇಕು. ತಡವಾಗಿದ್ದೆಲ್ಲ ಬೇಕೆಂದೇ ಮಾಡಿದ್ದಲ್ಲ. ಅದಕ್ಕೇ ನನ್ನ ಪಟ್ಟಿಯಲ್ಲಿ ನೌರೋಜ್ (ಪರ್ಷಿಯನ್ ಹೊಸ ವರ್ಷ), ಮೊಹರಂ, ರಂಜಾನ್‌ಗೆ ಬೇರೆ ಬಣ್ಣ ಇದೆ. ಮಾರ್ಚ್ ಕೊನೆಯಲ್ಲಿ ಉತ್ತರ ಬರಲಿಲ್ಲ ಅಂದರೆ ಮೊದಲು ನೌರೋಜ್ ನೋಡಿ. ತಂತಿಯನ್ನೂ (ಟೆಲಿಗ್ರಾಫ್) ನೋಡಬೇಕು. 1864ರಲ್ಲಿ ಬುಶೆಹರ್‌ಗೆ ತಂತಿ ಬಂದ ಮೇಲೆ ಕರಾಚಿ ಹತ್ತಿರವಾಯಿತು. ಒಳನಾಡಿನ ಶಿರಾಜ್‌ಗೆ ಹೋಗುವ ಸಾಮಾನು ಮಾತ್ರ ಆಗಲೂ ಹೇಸರಗತ್ತೆ ಮೇಲೆ ಘಟ್ಟ ಹತ್ತಬೇಕಿತ್ತು.

ಮರ್ಯಾದೆಯ ಜಗಳಗಳನ್ನು ಸುಮ್ನೆ ಒಣ ಜಂಭ ಅಂತ ಪುಟ ತಿರುವಬೇಡಿ. 1903ರಲ್ಲಿ ವೈಸ್‌ರಾಯ್ ಕರ್ಜನ್ ಯುದ್ಧನೌಕೆಗಳ ಜೊತೆ ಕೊಲ್ಲಿಯ ಪ್ರವಾಸಕ್ಕೆ ಬಂದ. ಪರ್ಷಿಯಾದ ದೊರೆ ಶಾಹನ ಪರವಾಗಿ ಸ್ವಾಗತಿಸಲು ಫಾರ್ಸ್‌ನ ಗವರ್ನರ್ ಜನರಲ್ ಅಲಾ ಉದ್ದೌಲಾ ಬುಶೆಹರ್‌ಗೆ ಇಳಿದು ಬಂದಿದ್ದ. ಮೊದಲು ಯಾರು ಯಾರ ಬಳಿ ಹೋಗಿ ಭೇಟಿ ಮಾಡಬೇಕು ಅನ್ನುವಲ್ಲಿ ಗಂಟು ಬಿತ್ತು. ಅದು ಬಿಚ್ಚಲಿಲ್ಲ. ಕರ್ಜನ್ ದಡಕ್ಕೆ ಇಳಿಯದೇ ಹೊರಟುಹೋದ. ಅಷ್ಟು ಹೊತ್ತಿಗೆ ನೂರ ನಲವತ್ತು ವರ್ಷದಿಂದ ಬ್ರಿಟಿಷರು ತಮ್ಮದೇ ಅಂದುಕೊಂಡಿದ್ದ ಊರದು! ಯಾರು ಮೊದಲು ಬರುತ್ತಾರೋ ಅವರು ಚಿಕ್ಕವರು ಅಂತ ಬಜಾರು ಲೆಕ್ಕ ಹಾಕುತ್ತದೆ ಅನ್ನೋದು ಎರಡೂ ಕಡೆಗೆ ಗೊತ್ತಿತ್ತು. ನನ್ನ ಪಟ್ಟಿಗೆ ಹಾಕಿದಾಗ ಆ ಡಿಸೆಂಬರ್ ಮೊದಲ ವಾರ ಹಿಜ್ರಿ 1321ರ ರಂಜಾನ್‌ನಲ್ಲಿ ಬಂತು. ಉಪವಾಸದ ತಿಂಗಳಲ್ಲಿ ಇಂಥ ಸ್ವಾಗತದ ಗದ್ದಲ! ಅಂದಹಾಗೆ ಕರ್ಜನ್ ಬಂದ ಹಡಗಿನ ಹೆಸರು ಹಾರ್ಡಿಂಜ್, ಆಗ ತೆಹರಾನ್‌ನಲ್ಲಿದ್ದ ಬ್ರಿಟಿಷ್ ರಾಯಭಾರಿಯ ಹೆಸರೂ ಹಾರ್ಡಿಂಜ್. ಹುಡುಕುವಾಗ ತಲೆ ಕೆಡುತ್ತದೆ.

ಹೊಸದಾಗಿ ಶುರು ಮಾಡುವವರು ಕರ್ಜನ್ ಪ್ರವಾಸ, 1915ರಲ್ಲಿ ಬ್ರಿಟಿಷರು ಬುಶೆಹರ್ ಹಿಡಿದದ್ದು ಇಂಥ ದೊಡ್ಡ ಕಡತಗಳಿಗೆ ಕೈ ಹಾಕಬೇಡಿ. ಅಲ್ಲಿ ಎಲ್ಲರೂ ಇತಿಹಾಸಕ್ಕಾಗಿ ಬರೆಯುತ್ತಿದ್ದರು. 1900ರ ಆಚೀಚಿನ ಒಂದು ಚಿಕ್ಕ ಸಾಲದ ದಾವೆ, ಇಲ್ಲವೇ ದಾರಿಯಲ್ಲಿ ಲೂಟಿಯಾದ ಸರಕಿನ ಪರಿಹಾರದ ಕಡತ ತಗೊಳ್ಳಿ. ಬೆರಳಚ್ಚಿನ ಪುಟ ಜಾಸ್ತಿ ಇರುವುದನ್ನು ನೋಡಿ ಆರಿಸಿ. ಪುಟದ ಚಿತ್ರ ಇಳಿಸಿಕೊಳ್ಳುವಾಗಲೇ ಬಲ ಮೂಲೆಯಲ್ಲಿ ಪೆನ್ಸಿಲ್‌ನಿಂದ ಸುತ್ತು ಹಾಕಿದ ಹಾಳೆಯ ಸಂಖ್ಯೆ ಬರೆದಿಟ್ಟುಕೊಳ್ಳಿ. ಬೇರೆ ಸಂಖ್ಯೆಗಳೂ ಇರುತ್ತವೆ, ಉಲ್ಲೇಖಕ್ಕೆ ನಾನು ಬಳಸುವುದು ಇದನ್ನೇ. ಕೊನೆಗೆ 1928ರ ಮೇ ತಿಂಗಳ ನಂತರದ ಒಂದು ಕಡತವನ್ನೂ ಪಕ್ಕದಲ್ಲಿಟ್ಟು ಓದಿ. ಆ ತಿಂಗಳು ರೆಜಾ ಶಾಹ್ ಸರ್ಕಾರ ವಿದೇಶಿಯರ ವಿಶೇಷ ಸವಲತ್ತುಗಳನ್ನು ರದ್ದು ಮಾಡಿತು. ಅಲ್ಲಿಂದ ಮುಂದೆ ಕಾನ್ಸಲ್ ಪಕ್ಕದಲ್ಲಿ ಕೂತು ನಡೆಸುವ ವಿಚಾರಣೆ ಇಲ್ಲ. ಬ್ರಿಟಿಷ್ ಪ್ರಜೆಯೂ ಎಲ್ಲರ ಹಾಗೆ ಇರಾನಿನ ಕೋರ್ಟಿಗೇ ಹೋಗಬೇಕು.