ಲೇಕ್ ಸಕ್ಸೆಸ್‌ನ ದನಿಗಳನ್ನು ಕನ್ನಡಕ್ಕೆ ತಂದದ್ದು: ನನ್ನ ಅನುಭವ

ಮೊದಲ ಕಂತಿನ ಕರಡನ್ನು ಅಪ್ಪನಿಗೆ ಕೇಳಿಸಿದೆ. ನಾಲ್ಕು ನಿಮಿಷ ಆಗಿರಲಿಲ್ಲ, ಇಯರ್‌ಫೋನ್ ಕಿತ್ತು ಮೇಜಿನ ಮೇಲಿಟ್ಟರು. "ಮಂಗಳೂರಿನವರು ಅಲ್ಲಿ ಕೂತು ಮಾತಾಡ್ತಾ ಇದ್ದಾರೆ, ನೀನು ಅವರ ಬಾಯಿಗೆ ಕೈ ಅಡ್ಡ ಹಿಡಿದು ಒದರ್ತೀಯಲ್ಲ ಮಾರಾಯ!"

ಮಂಗಳೂರಿನವರು ಎಂದರೆ ಬೆನಗಲ್ ನರಸಿಂಗ ರಾವ್. ಸಂವಿಧಾನ ಸಭೆಯ ಸಲಹೆಗಾರರಾಗಿ ಅವರನ್ನು ಬಲ್ಲವರುಂಟು. 1950ರ ಜೂನ್‌ನಲ್ಲಿ, ಕೊರಿಯಾ ಯುದ್ಧ ಹೊತ್ತಿಕೊಂಡ ತಿಂಗಳಲ್ಲೇ, ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅಧ್ಯಕ್ಷ ಪೀಠದಲ್ಲಿದ್ದವರೂ ಅವರೇ ಎಂದರೆ ಹುಬ್ಬೇರಿಸುತ್ತಾರೆ. ನಮ್ಮ ಸಮುದಾಯ ಬಾನುಲಿಗೆ ಆರು ಕಂತುಗಳ ಸರಣಿ ಮಾಡುವ ಹುಚ್ಚು ನನಗೆ ಹಿಡಿದದ್ದು ಆ ಹುಬ್ಬುಗಳನ್ನು ನೋಡಿಯೇ. 1946ರ ಫೆಬ್ರವರಿ 13ರಂದು ವಿಶ್ವಸಂಸ್ಥೆಯ ರೇಡಿಯೋ ಶುರುವಾದಲ್ಲಿಂದ 1951ರವರೆಗಿನ ಧ್ವನಿಮುದ್ರಣ ಮತ್ತು ಕಲಾಪದ ವರದಿಗಳನ್ನು ಹಿಡಿದು, ಆ ಕಾಲದ ವರದಿಗಾರಿಕೆ ಹೇಗೆ ಕೇಳಿಸುತ್ತಿತ್ತು ಎಂದು ಕನ್ನಡದಲ್ಲಿ ಹೇಳುವುದು ನನ್ನ ಲೆಕ್ಕಾಚಾರ. ಆ ವರ್ಷಗಳಲ್ಲಿ ಬಹುಪಾಲು ವಿಶ್ವಸಂಸ್ಥೆಯ ತಾತ್ಕಾಲಿಕ ನೆಲೆ ನ್ಯೂಯಾರ್ಕ್ ಬಳಿಯ ಲೇಕ್ ಸಕ್ಸೆಸ್.

ಅಪ್ಪ ಬೈದದ್ದು ಸರಿಯಾಗಿತ್ತು. ಮೂಲ ದನಿಯನ್ನು ಎರಡು ಸೆಕೆಂಡು ಬಿಟ್ಟು, ಅದರ ಶಬ್ದ ತಗ್ಗಿಸಿ, ಮೇಲೆ ನನ್ನ ಕನ್ನಡ ಹೊದಿಸಿದ್ದೆ. ಸುದ್ದಿವಾಹಿನಿಗಳಲ್ಲಿ ನಾವೆಲ್ಲ ಕಲಿತ ಚಾಳಿ ಅದು. ಪರಿಹಾರ ಹಳೆಯ ಮುದ್ರಿಕೆಗಳಲ್ಲೇ ಇತ್ತು. ಭದ್ರತಾ ಮಂಡಳಿಯಲ್ಲಿ ಆಗ ಒಬ್ಬರು ಇಂಗ್ಲಿಷಿನಲ್ಲಿ ಮಾತು ಮುಗಿಸಿದ ಮೇಲೆ ದುಭಾಷಿ ಎದ್ದು ಇಡೀ ಭಾಷಣವನ್ನು ಫ್ರೆಂಚಿನಲ್ಲಿ ಮತ್ತೊಮ್ಮೆ ಹೇಳುವ ಪದ್ಧತಿ. ಅರ್ಧ ಗಂಟೆಯ ಭಾಷಣ ಒಂದು ಗಂಟೆ ಆಗುತ್ತಿತ್ತು. ಮೊದಮೊದಲು ಕೇಳುವಾಗ ತಲೆ ಚಿಟ್ಟು ಹಿಡಿಯಿತು. ಆಮೇಲೆ ಅನ್ನಿಸಿತು, ನಾನೂ ದುಭಾಷಿಯೇ ಅಲ್ಲವೇ? ಅವರು ಮುಗಿಸಲಿ, ಆಮೇಲೆ ನಾನು. ಹಾಗೆ ಮಾಡಿದ್ದರಿಂದ ಇಪ್ಪತ್ತು ನಿಮಿಷದ ಕಂತಿನಲ್ಲಿ ಅರ್ಧದಷ್ಟು ವಿಷಯವನ್ನು ಬಿಸಾಡಬೇಕಾಯಿತು. ಬಿಸಾಡಿದ್ದಕ್ಕೆ ಬೇಸರವಿಲ್ಲ.

ತಾಂತ್ರಿಕವಾಗಿ ನನ್ನನ್ನು ಹೆಚ್ಚು ಕಾಡಿದ್ದು ತಟ್ಟೆ ಬದಲಾಗುವ ಜಾಗ. ಆ ಕಾಲದ ಮುದ್ರಣ 16 ಇಂಚಿನ ಡಿಸ್ಕುಗಳ ಮೇಲೆ, ಒಂದು ಬದಿಗೆ ಹದಿನೈದು ನಿಮಿಷದ ಆಸುಪಾಸು. ಒಂದು ಮುಗಿಯುವ ಮುನ್ನವೇ ಪಕ್ಕದ ಯಂತ್ರದಲ್ಲಿ ಇನ್ನೊಂದು ಸುತ್ತಲು ಶುರು. ಸೂಜಿ ಒಳಕ್ಕೆ ಹೋದಷ್ಟೂ ತಟ್ಟೆಯ ಗೆರೆಯ ಸುತ್ತು ಚಿಕ್ಕದಾಗಿ ದನಿ ಮಂಕಾಗುತ್ತದೆ. ಹಾಗಾಗಿ ಆ ಕಾಲದ ಜಾಣ ತಂತ್ರಜ್ಞರು ಒಂದು ಬದಿಯನ್ನು ಹೊರಗಿನಿಂದ ಒಳಕ್ಕೆ, ಮುಂದಿನದನ್ನು ಒಳಗಿನಿಂದ ಹೊರಕ್ಕೆ ಕೊರೆಯುತ್ತಿದ್ದದ್ದುಂಟು. ಮಂಕು ಮಂಕಿಗೇ ಸೇರುವುದರಿಂದ ಬೆಸುಗೆ ಗೊತ್ತಾಗದು. ಇದು ತಿಳಿಯದೆ ನಾನು ಒಂದು ವಾರ 'ಶಬ್ದ ಶುದ್ಧೀಕರಣ' ಮಾಡುತ್ತಾ ಕೂತಿದ್ದೆ. ಮಂಕಾದ ಕಡೆ ತೀಕ್ಷ್ಣ ಮಾಡುವುದು, ತೀಕ್ಷ್ಣವಿದ್ದ ಕಡೆ ಸವರುವುದು. ಕೊನೆಗೆ ಎಲ್ಲರ ದನಿಯೂ ತಗಡಿನ ಡಬ್ಬಿಯೊಳಗಿನಿಂದ ಬಂದಂತಾಯಿತು. ಎಲ್ಲ ಅಳಿಸಿ, ಕರಕರ ಸದ್ದನ್ನು ಹಾಗೇ ಬಿಟ್ಟೆ.

ಕೊರಿಯಾ ಕಂತಿನಲ್ಲಿ ನಾನು ಆರಿಸಿಕೊಂಡದ್ದು ಜೂನ್ 25ರ ಭಾನುವಾರವನ್ನಲ್ಲ, 27ನ್ನು. 25ರಂದು ಎಲ್ಲ ಬೇಗ ಮುಗಿಯಿತು. ಚೀನಾದ ಸ್ಥಾನ ಯಾವ ಸರ್ಕಾರಕ್ಕೆ ಎಂಬ ಜಗಳದಿಂದ ಸೋವಿಯತ್ ಪ್ರತಿನಿಧಿ ಜನವರಿಯಿಂದಲೇ ಗೈರು, ಉತ್ತರ ಕೊರಿಯಾ ದಾಳಿ ನಿಲ್ಲಿಸಲಿ ಎಂಬ ನಿರ್ಣಯದ ಪರ ಒಂಬತ್ತು ಮತ, ಯುಗೊಸ್ಲಾವಿಯ ತಟಸ್ಥ. 27ರಂದು ದಕ್ಷಿಣ ಕೊರಿಯಾಕ್ಕೆ ನೆರವು ಕೊಡುವ ಪ್ರಶ್ನೆ ಬಂತು. ಮತಕ್ಕೆ ಹಾಕುವ ಹೊತ್ತಿಗೆ ರಾವ್ ಅವರ ಕೈಯಲ್ಲಿ ದೆಹಲಿಯ ಸೂಚನೆ ಇರಲಿಲ್ಲ. ಅಧ್ಯಕ್ಷತೆ ಅವರದೇ, ಮತ ಹಾಕಲಾಗದವರೂ ಅವರೇ! ಭಾರತ, ಈಜಿಪ್ಟ್ ಎರಡೂ ಮತದಾನದಲ್ಲಿ ಭಾಗವಹಿಸಲಿಲ್ಲ. ಏಳು ಪರ, ಯುಗೊಸ್ಲಾವಿಯ ವಿರುದ್ಧ. ರಾಜತಾಂತ್ರಿಕತೆ ಎಂದರೆ ಬಹುಪಾಲು ಹೀಗೆ ತಂತಿ ಕಾಯುವುದೇ. ರೇಡಿಯೋಗೆ ಕಾಯುವಿಕೆ ಬಹಳ ಕಷ್ಟದ ವಸ್ತು. ನಾನು ಹನ್ನೊಂದು ಸೆಕೆಂಡು ಖಾಲಿ ಬಿಟ್ಟೆ. ಪ್ರಸಾರದ ದಿನ ನಮ್ಮದೇ ಹುಡುಗ ಸ್ಟೇಷನ್ ಬಂದ್ ಆಯಿತೆಂದು ಗಾಬರಿಯಾಗಿ ಓಡಿಬಂದ.

ಮೂರನೇ ಕಂತು ಪದದ ಮೇಲೆ ಎಡವಿತು. ಎರಡನೇ ಮಹಾಯುದ್ಧದ ನಂತರ ಆಫ್ರಿಕಾ ಮತ್ತು ಪೆಸಿಫಿಕ್‌ನ ಹನ್ನೊಂದು ಪ್ರದೇಶಗಳನ್ನು 'ಟ್ರಸ್ಟ್' ಆಡಳಿತಕ್ಕೆ, ಅಂದರೆ ವಿಶ್ವಸಂಸ್ಥೆಯ ಉಸ್ತುವಾರಿಯಲ್ಲಿ ಬೇರೆ ದೇಶ ಆಳುವ ವ್ಯವಸ್ಥೆಗೆ, ಒಳಪಡಿಸಿದ್ದರು. ಟ್ರಸ್ಟಿಗೆ ಕನ್ನಡದಲ್ಲಿ ಧರ್ಮದರ್ಶಿ ಎನ್ನುತ್ತೇವೆ. "ರುವಾಂಡ-ಉರುಂಡಿಯ ಧರ್ಮದರ್ಶಿ ಬೆಲ್ಜಿಯಂ" ಎಂದು ಓದಿ ನೋಡಿದೆ. ನನಗೇ ನಗು ಬಂತು, ಮುಜರಾಯಿ ಇಲಾಖೆಯ ನೋಟೀಸಿನ ಹಾಗಿತ್ತು. 'ಪಾಲನಾಧಿಕಾರ' ಎಂದರೆ ತೀರಾ ಸಾತ್ವಿಕ. 'ವಶ' ಎಂದರೆ ನಿಜ, ಆದರೆ ದಾಖಲೆಯ ಮಾತಲ್ಲ. ಕೊನೆಗೆ ಟ್ರಸ್ಟೀಶಿಪ್ ಎಂದೇ ಇಟ್ಟು, ಧರ್ಮದರ್ಶಿಯ ಕತೆಯನ್ನೂ ಕೇಳುಗರಿಗೆ ಹೇಳಿಬಿಟ್ಟೆ. ಅತಿ ಹೆಚ್ಚು ಫೋನ್ ಬಂದದ್ದು ಆ ಕಂತಿಗೆ.

ಅದೇ ಕಂತಿನ ನಾಯಕ ಪಶ್ಚಿಮ ಆಫ್ರಿಕಾದ ಟೋಗೋದ ಸಿಲ್ವಾನಸ್ ಒಲಿಂಪಿಯೋ. ಅಲ್ಲಿನ ಎವೆ ಎಂಬ ಜನಾಂಗದವರು ಬ್ರಿಟಿಷ್ ಮತ್ತು ಫ್ರೆಂಚ್ ಗಡಿಗಳ ನಡುವೆ ಹರಿದುಹೋಗಿದ್ದರು. ಅವರ ಅಹವಾಲು ಹಿಡಿದು ಈತ 1947ರ ಡಿಸೆಂಬರ್‌ನಲ್ಲಿ ಲೇಕ್ ಸಕ್ಸೆಸ್‌ಗೆ ಬಂದು ಟ್ರಸ್ಟೀಶಿಪ್ ಮಂಡಳಿಯ ಎದುರು ಖುದ್ದು ನಿಂತು ಮಾತಾಡಿದ. ಯುದ್ಧಕಾಲದಲ್ಲಿ ಸ್ಪೆರಿ ಕಂಪನಿಯ ಕಾರ್ಖಾನೆಯಾಗಿದ್ದ ಕಟ್ಟಡ ಅದು. ಆಳಿಸಿಕೊಳ್ಳುವವನು ಆಳುವವರೆದುರು ಮೈಕಿನ ಮುಂದೆ ಬರಲು ಅಲ್ಲೊಂದು ಕಿಂಡಿ ಇತ್ತು. ಹದಿಮೂರು ವರ್ಷಕ್ಕೆ, 1960ರಲ್ಲಿ, ಟೋಗೋ ಸ್ವತಂತ್ರವಾಯಿತು. ಒಲಿಂಪಿಯೋ ಅದರ ಮೊದಲ ಅಧ್ಯಕ್ಷನಾದ.

ನಿರಾಶ್ರಿತರ ಕಂತಿಗೆ ಬಂದಾಗ ಅಂಥ ಕಿಂಡಿಯೂ ಸಿಗಲಿಲ್ಲ. ನನ್ನ ಕಡತದಲ್ಲಿದ್ದದ್ದೆಲ್ಲ ಅಧಿಕಾರಿಗಳ ದನಿ. ಎಷ್ಟು ಲಕ್ಷ ಮಂದಿ, ಎಷ್ಟು ಡಾಲರ್, ಎಷ್ಟು ಗುಡಾರ. ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿ 1951ರಲ್ಲಿ ಆರಂಭವಾದಾಗ 34 ಸಿಬ್ಬಂದಿ, 3 ಲಕ್ಷ ಡಾಲರ್ ಬಜೆಟ್, ಮೂರು ವರ್ಷದ ಆಯುಷ್ಯ. ಮೊದಲ ಹೈಕಮಿಷನರ್ ವಾನ್ ಹ್ಯೂವನ್ ಗೂಡ್‌ಹಾರ್ಟ್ ಪತ್ರಿಕಾ ಸಂಪಾದಕರಾಗಿದ್ದವರು. ಅದೇ ವರ್ಷ ಜುಲೈ 28ರ ಜಿನೀವಾ ಒಪ್ಪಂದ 'ನಿರಾಶ್ರಿತ' ಯಾರೆಂದು ಹೇಳಿತು. 1951ರ ಜನವರಿ 1ಕ್ಕೆ ಮುಂಚಿನ ಘಟನೆಗಳಿಗಷ್ಟೇ ಅನ್ವಯ, ಅದನ್ನೂ ಯುರೋಪಿಗೆ ಮಾತ್ರ ಎಂದು ಓದಿಕೊಳ್ಳಲು ಸಹಿ ಹಾಕುವ ರಾಷ್ಟ್ರಕ್ಕೆ ಅವಕಾಶ. ಭಾರತ ಇವತ್ತಿಗೂ ಸಹಿ ಹಾಕಿಲ್ಲ. ಪಂಜಾಬ, ಬಂಗಾಳದಿಂದ ನಡೆದುಬಂದವರು ಈ ಕಡತಗಳಲ್ಲಿ ನನಗೆ ಎಲ್ಲೂ ಮಾತಾಡಿದ್ದು ಕೇಳಲಿಲ್ಲ.

ಆ ಕಂತಿಗಾಗಿ ಸಿಂಧನೂರಿನ ಬಸ್ಸು ಹತ್ತಿದೆ. ಅಲ್ಲಿನ ಆರ್.ಎಚ್. ಕ್ಯಾಂಪು ಎನ್ನುವ ಪುನರ್ವಸತಿ ಊರುಗಳಲ್ಲಿ ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿ ಕುಟುಂಬಗಳಿವೆ. ಅವರು ಬಂದದ್ದು ನನ್ನ ಸರಣಿಯ ಕಾಲಕ್ಕಿಂತ ಈಚೆಗೆ, ಅದನ್ನು ಕಂತಿನಲ್ಲಿ ಹೇಳಿಯೇ ಮುಂದುವರಿದೆ. ಒಬ್ಬ ಅಜ್ಜಿ ರಾಯಚೂರು ಸೀಮೆಯ ಕನ್ನಡಕ್ಕೆ ಬಂಗಾಳಿ ಬೆರೆಸಿ ಮಾತಾಡಿದರು. "ನಮ್ಮ ದೇಶದಾಗ ಮನಿ ಮುಂದ ಕೆರಿ ಇತ್ತು" ಎಂದರು. ದೇಶ ಎಂದರೆ ಅವರಿಗೆ ಭಾರತವೂ ಅಲ್ಲ, ಪಾಕಿಸ್ತಾನವೂ ಅಲ್ಲ, ಹುಟ್ಟಿದ ಹಳ್ಳಿ. ಐದು ಕಂತುಗಳ ತುಂಬ ರಾಷ್ಟ್ರ, ದೇಶ ಎಂದು ಬರೆದೂ ಬರೆದೂ ಕೈ ಸೋತಿದ್ದ ನಾನು ಆ ಪದವನ್ನು ತಿದ್ದಲಿಲ್ಲ, ವಿವರಿಸಲೂ ಇಲ್ಲ.

"ಇದು ನಮ್ಮ ಕ್ಯಾಂಪಿಗೆ ಕೇಳಸ್ತದೇನು?" ಎಂದು ಅಜ್ಜಿ ಕೇಳಿದರು. ನಮ್ಮ ಪ್ರಸಾರ ಮುಟ್ಟುವುದು ಹತ್ತು ಹನ್ನೆರಡು ಕಿಲೋಮೀಟರ್. ತಿಂಗಳ ನಂತರ ಮತ್ತೆ ಹೋಗಿ ಮೊಮ್ಮಗನ ಫೋನಿಗೆ ಕಂತನ್ನು ಹಾಕಿಕೊಟ್ಟೆ. ಜಿನೀವಾ, ಡಾಲರು, ಗುಡಾರಗಳನ್ನೆಲ್ಲ ಅಜ್ಜಿ ಎಲೆ ಅಡಿಕೆ ಹಾಕುತ್ತಾ ಸುಮ್ಮನೆ ಕೇಳಿದರು. ತಮ್ಮ ದನಿ ಬಂದ ಕೂಡಲೇ ಮೊಮ್ಮಗನ ಕೈಯಿಂದ ಫೋನ್ ತೆಗೆದುಕೊಂಡು ಕಿವಿಗೆ ಒತ್ತಿ ಹಿಡಿದರು. ಉಳಿದ ನಮಗೆ ಯಾರಿಗೂ ಏನೂ ಕೇಳಿಸಲಿಲ್ಲ.