ಹಳೇ ಫೋನಿನ ಫೋಟೊಗಳನ್ನು ಮನೆಯ ಡಿಸ್ಕಿಗೆ ಇಳಿಸುವ ಬಗೆ

ಅಪ್ಪನದು ಆಂಡ್ರಾಯ್ಡ್ 7ರ ಫೋನು, 32 ಜಿಬಿಯದು. ಒಂದು ಹೊಸ ಫೋಟೊ ತೆಗೆಯಬೇಕೆಂದರೆ ಒಂದು ಹಳೆಯದನ್ನು ಅಳಿಸಬೇಕು ಎನ್ನುವಷ್ಟು ತುಂಬಿದೆ. ಆದರೆ ಅಳಿಸುವಂಥದ್ದು ಅದರಲ್ಲಿ ಏನಿದೆ? ತಿಪಟೂರಿನ ಹತ್ತಿರದ ನಮ್ಮ ತೋಟದಲ್ಲಿ ಕಪ್ಪುತಲೆ ಹುಳು ಬಿದ್ದ ತೆಂಗಿನ ಗರಿಗಳು, ಕೊಬ್ಬರಿ ಮಾರಿದ ಬಿಲ್ಲು, ಪಹಣಿ, ಅಜ್ಜಿಯ ಕೊನೆಯ ಯುಗಾದಿ. ಗೂಗಲ್ ಫೋಟೋಸ್‌ನಲ್ಲಿ ಲೆಕ್ಕವಿಲ್ಲದೆ ಪುಕ್ಕಟೆ ಇಡುವ ಅನುಕೂಲ 2021ರ ಜೂನ್ 1ಕ್ಕೆ ಮುಗಿಯಿತು. ಈಗ ಜಿಮೇಲ್, ಡ್ರೈವ್, ಫೋಟೊ ಎಲ್ಲಕ್ಕೂ ಸೇರಿ ಸಿಗುವುದು 15 ಜಿಬಿ. ಹಾಗಾಗಿ ಮನೆಯಲ್ಲೇ ಡಿಸ್ಕ್ ಇಟ್ಟು, ಫೋನು ವೈಫೈ ಮೂಲಕ ಅದಕ್ಕೆ ತಾನೇ ಕಾಪಿ ಮಾಡುವ ಹಾಗೆ ಮಾಡಿದೆ.

ಮೊದಲು ನಿಮ್ಮ ರೂಟರಿನ ಹಿಂಭಾಗ ನೋಡಿ. ಯುಎಸ್‌ಬಿ ಕಿಂಡಿ ಇದ್ದರೆ, ಒಂದು ಪೋರ್ಟಬಲ್ ಹಾರ್ಡ್ ಡಿಸ್ಕ್ ಬಿಟ್ಟು ಬೇರೇನೂ ಕೊಳ್ಳಬೇಕಾಗಿಲ್ಲ. ಡಿಸ್ಕ್ ಟಿಕ್ ಟಿಕ್ ಎಂದು ಸದ್ದು ಮಾಡಿ ಸುಮ್ಮನಾದರೆ ಅದಕ್ಕೆ ಕರೆಂಟ್ ಸಾಲುತ್ತಿಲ್ಲ ಎಂದು ಅನುಮಾನಿಸಿ. ಯುಎಸ್‌ಬಿ 2.0 ಕಿಂಡಿ ಕೊಡಬೇಕಾದ್ದು 500 ಮಿಲಿಆಂಪ್ ಮಾತ್ರ. ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಹಾಕಿದರೆ ಸರಿಹೋಗುತ್ತದೆ. ಕಿಂಡಿಯೇ ಇಲ್ಲದಿದ್ದರೆ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಅಥವಾ ಮೂಲೆ ಸೇರಿದ ಹಳೇ ಕಂಪ್ಯೂಟರಿಗೆ ಲಿನಕ್ಸ್, ಜೊತೆಗೆ ಡಿಸ್ಕನ್ನು ಮನೆಯ ವೈಫೈನಲ್ಲಿ ಹಂಚುವ ಸಾಂಬಾ ಎಂಬ ತಂತ್ರಾಂಶ ಹಾಕಬಹುದು. ಕೆಲಸ ಹೆಚ್ಚು, ಆದರೆ ನನ್ನ ಮಟ್ಟಿಗೆ ಅದೇ ಹೆಚ್ಚು ನಂಬಿಕೆಯದು.

ರೂಟರಿನ ಸೆಟ್ಟಿಂಗ್ ಪುಟ ಬ್ರೌಸರಿನಲ್ಲಿ ಸಾಮಾನ್ಯವಾಗಿ 192.168.1.1 ಅಥವಾ 192.168.0.1ರಲ್ಲಿ ತೆರೆಯುತ್ತದೆ. ಅಲ್ಲಿ ಯುಎಸ್‌ಬಿ ಶೇರಿಂಗ್ ಅಥವಾ ಸಾಂಬಾ ಎಂಬ ಜಾಗ ಹುಡುಕಿ, ಅದನ್ನು ಆನ್ ಮಾಡಿ, ಹೆಸರು ಮತ್ತು ಪಾಸ್‌ವರ್ಡ್ ಕೊಡಿ. ಪಾಸ್‌ವರ್ಡ್ ಇಲ್ಲದೆ ತೆರೆದಿಡಬೇಡಿ; ಮನೆಗೆ ಬಂದವರಿಗೆಲ್ಲ ನಾವು ವೈಫೈ ಕೊಡುತ್ತೇವೆ. ಬೇರೆ ಕಂಪ್ಯೂಟರ್ ಬಳಸುವವರು ಅದರ ಐಪಿ ವಿಳಾಸವನ್ನೂ (ಮನೆಯ ವೈಫೈನಲ್ಲಿ ಅದನ್ನು ಗುರುತಿಸುವ ಅಂಕಿ) ರೂಟರಿನಲ್ಲೇ ಕಾಯಂ ಮಾಡಿಬಿಡಿ. ಇಲ್ಲದಿದ್ದರೆ ಕರೆಂಟ್ ಹೋಗಿ ಬಂದಾಗ ವಿಳಾಸ ಬದಲಾಗಿ ಫೋನು ಡಿಸ್ಕನ್ನು ಹುಡುಕುತ್ತಾ ಕೂರಬಹುದು.

ಹಳೇ ಫೋನು, ಹಳೇ ರೂಟರ್ ಸೇರಿದಾಗ ಒಂದು ತೊಡಕಿದೆ. ಎರಡೂ ಮಾತಾಡುವುದು ಎಸ್‌ಎಂಬಿ ಎಂಬ ಪದ್ಧತಿಯಲ್ಲಿ. ಅದರ ಮೊದಲ ಆವೃತ್ತಿಯ ಲೋಪವನ್ನೇ ಹಿಡಿದು 2017ರ ಮೇ ತಿಂಗಳಲ್ಲಿ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ಎಂಬ ವೈರಸ್ ಜಗತ್ತಿನಾದ್ಯಂತ ಹರಡಿದ್ದು. ಆದ್ದರಿಂದ ಎರಡನೆಯ ಅಥವಾ ಮೂರನೆಯ ಆವೃತ್ತಿಯನ್ನೇ ಆರಿಸಿ. ನಿಮ್ಮ ರೂಟರಿಗೆ ಮೊದಲನೆಯದು ಮಾತ್ರ ಗೊತ್ತಿದ್ದರೆ, ಆ ಡಿಸ್ಕಿಗೆ ಹೊರಗಿನ ಇಂಟರ್ನೆಟ್‌ನಿಂದ ದಾರಿ ಇರಲೇಬಾರದು. ‘ಆಫೀಸಿನಿಂದಲೂ ಫೋಟೊ ನೋಡಬಹುದು’ ಎಂದು ಯಾರಾದರೂ ಪೋರ್ಟ್ ಫಾರ್ವರ್ಡಿಂಗ್ (ಹೊರಗಿನಿಂದ ಒಳಗೆ ಬರಲು ರೂಟರಿನಲ್ಲಿ ದಾರಿ ತೆರೆಯುವುದು) ಹೇಳಿಕೊಟ್ಟರೆ ದಯವಿಟ್ಟು ಮಾಡಬೇಡಿ.

ಫೋನಿಗೆ ನಾನು ಹಾಕಿದ್ದು ಫೋಲ್ಡರ್‌ಸಿಂಕ್ ಎಂಬ ಆ್ಯಪ್. ಅದರಲ್ಲಿ ಎಸ್‌ಎಂಬಿ ಖಾತೆ ಸೇರಿಸಿ, ವಿಳಾಸ, ಹೆಸರು, ಪಾಸ್‌ವರ್ಡ್ ತುಂಬಿ, ಟೆಸ್ಟ್ ಒತ್ತಿ. ಆಮೇಲೆ ಫೋಲ್ಡರ್ ಜೋಡಿ ಮಾಡಬೇಕು: ಈ ಕಡೆ ಫೋನಿನ ಕ್ಯಾಮೆರಾ ಫೋಟೊಗಳಿರುವ ಡಿಸಿಐಎಂ ಫೋಲ್ಡರ್, ಆ ಕಡೆ ಡಿಸ್ಕಿನಲ್ಲಿ ‘ಅಪ್ಪ’ ಎಂಬ ಫೋಲ್ಡರ್. ಇಷ್ಟಾಗುವಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ಅಪ್ಪ ಕೇಳಿದರು, “ಇಲ್ಲಿ ಅಳಿಸಿದ್ರೆ ಅಲ್ಲೂ ಅಳಿಸೋಗುತ್ತೇನಮ್ಮ?”

ಕೇಳಲೇಬೇಕಾದ ಪ್ರಶ್ನೆ ಇದು. ಸಿಂಕ್ ಎಂದರೆ ಎರಡೂ ಕಡೆ ಒಂದೇ ಥರ ಇಡುವುದು. ಇಲ್ಲಿ ಹೋದದ್ದು ಅಲ್ಲೂ ಹೋಗುತ್ತದೆ. ನಮಗೆ ಬೇಕಾದ್ದು ಅದಲ್ಲ. ಫೋನಿನಿಂದ ಡಿಸ್ಕಿನ ಕಡೆಗೆ ಮಾತ್ರ ಹೋಗುವ ಒಮ್ಮುಖ ಆಯ್ಕೆ ಹಾಕಿ. ಹಳೇ ಆವೃತ್ತಿಗಳಲ್ಲಿ ಅದಕ್ಕೆ ‘ಟು ರಿಮೋಟ್ ಫೋಲ್ಡರ್’ ಎಂದಿದೆ. ‘ಸಿಂಕ್ ಡಿಲೀಷನ್ಸ್’ ಆಫ್ ಇರಲಿ. ಕಾಪಿ ಆದ ಮೇಲೆ ಮೂಲವನ್ನು ಅಳಿಸುವ ಆಯ್ಕೆಯೂ ಆಫ್. ಈ ಮೂರನ್ನು ಸೇವ್ ಮಾಡಿ ಹೊರಬಂದು, ಮತ್ತೆ ಒಳಹೋಗಿ ನೋಡಿ. ಬೇಡದ ಒಂದು ಫೋಟೊ ತೆಗೆದು, ಡಿಸ್ಕಿಗೆ ಹೋದ ಮೇಲೆ ಫೋನಿನಲ್ಲಿ ಅಳಿಸಿ, ಇನ್ನೊಮ್ಮೆ ಓಡಿಸಿ. ಅದು ಡಿಸ್ಕಿನಲ್ಲಿ ಉಳಿದಿರಬೇಕು. ಅಪ್ಪನಿಗೆ ಹೀಗೆ ತೋರಿಸಿದ ಮೇಲೆಯೇ ಅವರು ಒಪ್ಪಿದ್ದು.

ವಾಟ್ಸ್ಆ್ಯಪ್ ಫೋಟೊ ಡಿಸಿಐಎಂನಲ್ಲಿ ಇರುವುದಿಲ್ಲ, ಅದಕ್ಕೆ ಬೇರೆ ಜೋಡಿ ಬೇಕು. ಫೋನಿನ ಮೆಮೊರಿಯಲ್ಲಿ ‘ವಾಟ್ಸ್ಆ್ಯಪ್’ ಎಂಬ ಫೋಲ್ಡರ್ ನೇರವಾಗಿ ಕಾಣದಿದ್ದರೆ ‘ಆಂಡ್ರಾಯ್ಡ್’ ಒಳಗಿನ ‘ಮೀಡಿಯಾ’ದಲ್ಲಿ ಹುಡುಕಿ. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿಯಾಗಿ ಬಂದ ಫೋಟೊದೊಳಗೆ ತೆಗೆದ ದಿನಾಂಕ ಉಳಿದಿರುವುದಿಲ್ಲ. ಆದರೆ ಕಡತದ ಹೆಸರಿನಲ್ಲೇ 20230814 ಎಂಬಂತೆ ಫೋನಿಗೆ ಬಂದ ದಿನ ಇರುತ್ತದೆ. ಆ ಹೆಸರು ಬದಲಿಸಬೇಡಿ. ಮುಂದೆ ಯಾವ ವರ್ಷದ್ದೆಂದು ಅಂದಾಜು ಮಾಡಲು ಉಳಿಯುವ ಸುಳಿವು ಅದೇ.

ಹಳೇ ಫೋನಿನ ವೈಫೈ ನಿಧಾನ. ಸೆಕೆಂಡಿಗೆ 4 ಎಂಬಿ ಸಿಕ್ಕಿದರೂ 20 ಜಿಬಿಗೆ ಒಂದೂವರೆ ಗಂಟೆ ಹತ್ತಿರ ಬೇಕು. ಮೊದಲ ಸಲ ರೂಟರ್ ಪಕ್ಕದಲ್ಲೇ, ಚಾರ್ಜಿಗೆ ಹಾಕಿ, ಹಿಂದಿನ ಕವರ್ ತೆಗೆದು ಇಡಿ. ಹಳೇ ಬ್ಯಾಟರಿ ಬೇಗ ಬಿಸಿಯಾಗುತ್ತದೆ. ಬೆನ್ನು ಉಬ್ಬಿರುವ ಫೋನನ್ನು ಚಾರ್ಜಿಗೆ ಹಾಕಲೇಬೇಡಿ, ಮೊದಲು ರಿಪೇರಿಯವರಿಗೆ ತೋರಿಸಿ. ಆಮೇಲಿನ ದಿನಗಳಿಗೆ ರಾತ್ರಿ ಹೊತ್ತು, ಚಾರ್ಜಿಂಗ್‌ನಲ್ಲಿದ್ದಾಗ, ಮನೆಯ ವೈಫೈನಲ್ಲಿ ಮಾತ್ರ ಎಂದು ಹೊಂದಿಸಿ. ಆಂಡ್ರಾಯ್ಡ್ 6ರಿಂದ ಈಚೆಗೆ ಫೋನು ಹಿನ್ನೆಲೆಯ ಆ್ಯಪ್‌ಗಳನ್ನು ಮಲಗಿಸುತ್ತದೆ. ಬ್ಯಾಟರಿ ಆಪ್ಟಿಮೈಸೇಷನ್ ಪಟ್ಟಿಯಿಂದ ಫೋಲ್ಡರ್‌ಸಿಂಕ್ ಅನ್ನು ಹೊರಗಿಡಿ.

ಡಿಸ್ಕಿಗೆ ಹೋಗಿದೆ ಎಂದು ಆ್ಯಪ್ ಹೇಳಿದರೆ ಸಾಲದು. ಲ್ಯಾಪ್‌ಟಾಪಿನಲ್ಲಿ ತೆರೆದು, ಹಳೆಯದೊಂದು, ಹೊಸದೊಂದು, ಒಂದು ವಿಡಿಯೊ ಪೂರ್ತಿ ನೋಡಿ. ಡಿಸ್ಕೂ ಒಂದಲ್ಲ ಒಂದು ದಿನ ಕೆಡುತ್ತದೆ, ಸಿಡಿಲಿಗೆ ರೂಟರ್ ಜೊತೆಗೇ ಹೋಗಲೂಬಹುದು. ಅದಕ್ಕೇ ಇನ್ನೊಂದು ಡಿಸ್ಕಿಗೆ ಕಾಪಿ ಮಾಡಿ ತುಮಕೂರಿನ ಅಕ್ಕನ ಮನೆಯಲ್ಲಿ ಇಟ್ಟಿದ್ದೇನೆ. ಹಬ್ಬಕ್ಕೆ ಬರುವಾಗ ಅವಳು ತರುತ್ತಾಳೆ, ಹೊಸದನ್ನು ತುಂಬಿ ಕಳಿಸುತ್ತೇನೆ.

ಈ ಎರಡು ಕಾಪಿ ಆದ ಮೇಲೆ ಫೋನಿನಲ್ಲಿ ಅಳಿಸಲು ಕೂರಿ. ವಿಡಿಯೊಗಳಿಂದ ಶುರು ಮಾಡಿದರೆ ಜಾಗ ಬೇಗ ಸಿಗುತ್ತದೆ. ಅಪ್ಪನ ಫೋನಿನಲ್ಲಿ ಅಜ್ಜಿಯ ಫೋಟೊಗಳನ್ನೂ ಪಹಣಿಯನ್ನೂ ಹಾಗೇ ಬಿಟ್ಟೆ. ಅವರು ದಿನಾ ತೆರೆದು ನೋಡುವುದು ಅವನ್ನೇ.